ಪೆಟ್ಟಿಗೆಯಲ್ಲೊಂದು ಹಳೆಯ ಲ್ಯಾಪ್‌ಟಾಪ್

ಊರಿಗೆ ಹೊರಟವರ ಪೆಟ್ಟಿಗೆ ಬಿಚ್ಚಿ ನೋಡಿದರೆ ಅವರು ಯಾವ ಕಾಲದ ಗಲ್ಫಿನವರು ಎಂದು ಹೇಳಿಬಿಡಬಹುದು. ಒಂದು ಕಾಲಕ್ಕೆ ಟೂ-ಇನ್-ವನ್ ಟೇಪ್ ರೆಕಾರ್ಡರ್, ಫಾರಿನ್ ಸೀರೆ, ಅತ್ತರು, ಟೈಗರ್ ಬಾಮ್, ಹುಲಿ ಚಿತ್ರದ ದಪ್ಪ ಕಂಬಳಿ. ಆಮೇಲೆ ಟ್ಯಾಂಗ್ ಡಬ್ಬಿ, ನಿಡೋ ಹಾಲಿನ ಪುಡಿ, ಖರ್ಜೂರ, ಮೊಬೈಲು. ಈಗ ಇವೆಲ್ಲ ಮಂಗಳೂರು, ಉಡುಪಿಯ ಅಂಗಡಿಗಳಲ್ಲೇ ಸಿಗುತ್ತವೆ. ಹಾಗಾಗಿ ಊರಿನಿಂದ ಬರುವ ಬೇಡಿಕೆಯೂ ಬದಲಾಗಿದೆ. ಮಗಳೋ ಅಕ್ಕನ ಮಗನೋ ಪಿಯುಸಿ ಮುಗಿಸಿ ಬಿಸಿಎ, ಬಿಕಾಂ, ಡಿಪ್ಲೊಮಾ ಎಂದು ಸೇರಿಕೊಂಡ ಕೂಡಲೇ ಫೋನು ಬರುತ್ತದೆ: "ಮಾವ, ಬರುವಾಗ ಒಂದು ಲ್ಯಾಪ್‌ಟಾಪ್ ತರ್ಲಿಕ್ಕೆ ಆಗ್ತದಾ? ಹೊಸತೇ ಆಗ್ಬೇಕಂತ ಇಲ್ಲ."

ಹೊಸತೇ ಆಗಬೇಕೆಂದಿಲ್ಲ ಎನ್ನುವುದು ಸರಿಯಾದ ಮಾತೇ. ದುಬೈ, ಶಾರ್ಜಾಗಳಲ್ಲಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗೆ ದೊಡ್ಡ ಮಾರುಕಟ್ಟೆಯೇ ಇದೆ. ಬರ್ ದುಬೈಯ ಖಾಲಿದ್ ಬಿನ್ ಅಲ್ ವಲೀದ್ ರಸ್ತೆಯ ಆಸುಪಾಸಿನ ಕಂಪ್ಯೂಟರ್ ಅಂಗಡಿಗಳಿಂದ ಹಿಡಿದು ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದ ಗೋದಾಮುಗಳವರೆಗೆ ಎಲ್ಲಿ ಹೋದರೂ ಲೆನೊವೊ ಥಿಂಕ್‌ಪ್ಯಾಡ್, ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೈಟ್‌ಬುಕ್‌ಗಳು ಸಾಲಾಗಿ ಕುಳಿತಿರುತ್ತವೆ. ಇವು ಬಹುತೇಕ ಕಂಪನಿಗಳಲ್ಲಿ ಮೂರು ನಾಲ್ಕು ವರ್ಷ ದುಡಿದು ಬಂದವು. ಹೊಸದಾಗಿದ್ದಾಗ ದುಬಾರಿ ಮಾಲು. ಕೀಲು ಗಟ್ಟಿ, ಕೀಬೋರ್ಡ್ ಒಳ್ಳೆಯದು, ಬಿಡಿಭಾಗ ಎಲ್ಲೆಂದರಲ್ಲಿ ಸಿಗುತ್ತದೆ. ಅದೇ ದುಡ್ಡಿಗೆ ಸಿಗುವ ಹೊಸ ಪ್ಲಾಸ್ಟಿಕ್ ಲ್ಯಾಪ್‌ಟಾಪಿಗಿಂತ ಇವೇ ಮೇಲು ಎಂದು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ಆದರೆ ಒಂದು ವಿಷಯವಿದೆ. ಮೇಲಿನ ಧೂಳು ಒರೆಸಲು ಹತ್ತು ನಿಮಿಷ ಸಾಕು. ಒಳಗೆ ಇನ್ನೂ ಕುಳಿತಿರುವ ಹಳೆಯ ಯಜಮಾನನನ್ನು ಹೊರಗೆ ಹಾಕುವುದು ಬೇರೆಯದೇ ಕೆಲಸ. ಮನೆ ಖಾಲಿ ಮಾಡಿ ಹೋದವನು ಒಂದು ಕೀಲಿಕೈ ತನ್ನಲ್ಲೇ ಇಟ್ಟುಕೊಂಡಂತೆ, ಹಲವು ಯಂತ್ರಗಳಲ್ಲಿ ಆ ಯಜಮಾನನ ಹಕ್ಕು ಉಳಿದೇ ಇರುತ್ತದೆ. ಪೆಟ್ಟಿಗೆಗೆ ಹಾಕುವ ಮೊದಲು ಅದನ್ನು ಇಲ್ಲೇ ಇತ್ಯರ್ಥ ಮಾಡಿಕೊಳ್ಳದಿದ್ದರೆ ಊರಿನಲ್ಲಿ ಕುಳಿತ ಹುಡುಗಿ ಯಾರನ್ನು ಕೇಳಬೇಕು?

ಮೊದಲು ಖರೀದಿಯ ಮಾತು

ಈ ವರ್ಷ ಮಾರುಕಟ್ಟೆಗೆ ಹಳೆಯ ಯಂತ್ರಗಳು ರಾಶಿ ರಾಶಿಯಾಗಿ ಬಂದಿರುವುದಕ್ಕೆ ಕಾರಣವಿದೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ಗೃಹಬಳಕೆಯವರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ಅಪ್‌ಡೇಟ್ ಸಿಗುತ್ತದೆ ಎಂದಿತು, ಅಷ್ಟೇ. ವಿಂಡೋಸ್ 11ಕ್ಕೋ, ಇಂಟೆಲ್‌ನ ಎಂಟನೇ ತಲೆಮಾರಿನ ಅಥವಾ ಅನಂತರದ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಹೀಗಾಗಿ ಕಂಪನಿಗಳು ಆರು, ಏಳನೇ ತಲೆಮಾರಿನ ಯಂತ್ರಗಳನ್ನು ಹೊರಗೆ ಹಾಕುತ್ತಿವೆ. ಅವೇ ನಮ್ಮ ಮುಂದೆ "ಆಫರ್ ಪ್ರೈಸ್" ಎಂದು ಬಂದು ಕೂತಿವೆ.

ತಲೆಮಾರು ತಿಳಿಯುವುದು ಸುಲಭ. ಪ್ರೊಸೆಸರ್ ಹೆಸರಿನಲ್ಲಿ ಐ5 ಆದಮೇಲೆ ಬರುವ ಸಂಖ್ಯೆ ನೋಡಿ. 6300 ಎಂದಿದ್ದರೆ ಆರನೆಯದು, 8350 ಎಂದಿದ್ದರೆ ಎಂಟನೆಯದು, 10310 ಎಂದಿದ್ದರೆ ಹತ್ತನೆಯದು. ಲ್ಯಾಪ್‌ಟಾಪಿನ ಮಾದರಿ ಹೆಸರು ನಂಬಿ ಕೂರಬೇಡಿ. ಥಿಂಕ್‌ಪ್ಯಾಡ್ ಟಿ480, ಎಲೈಟ್‌ಬುಕ್ 840 ಜಿ5 ಇವೆಲ್ಲ ಸಾಮಾನ್ಯವಾಗಿ ಎಂಟನೇ ತಲೆಮಾರಿನವೇ ಆದರೂ ಅದೇ ಹೆಸರಿನಲ್ಲಿ ಏಳನೆಯದನ್ನು ಹಾಕಿ ಬಂದವೂ ಇವೆ. ಯಂತ್ರ ಆನ್ ಮಾಡಿಸಿ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಎಂಬಲ್ಲಿ ಪ್ರೊಸೆಸರ್, ರ‍್ಯಾಮ್, ಡಿಸ್ಕು ಎಲ್ಲದರ ಜಾತಕ ಸಿಗುತ್ತದೆ. "ವಿಂಡೋಸ್ 11 ಇದೆಯಲ್ಲ ಭಾಯ್, ನೋಡಿ" ಎಂದು ಅಂಗಡಿಯವನು ತೋರಿಸಿದರೆ ಅದು ಪುರಾವೆಯಾಗುವುದಿಲ್ಲ. ಅರ್ಹತೆಯಿಲ್ಲದ ಯಂತ್ರಕ್ಕೂ ಅಡ್ಡದಾರಿಯಲ್ಲಿ ವಿಂಡೋಸ್ 11 ತುಂಬಿಸಲು ಬರುತ್ತದೆ. ಆದರೆ ಅಂಥದಕ್ಕೆ ಮುಂದೆ ಅಪ್‌ಡೇಟ್ ಬರುತ್ತದೆಂದು ಮೈಕ್ರೋಸಾಫ್ಟ್ ಮಾತು ಕೊಟ್ಟಿಲ್ಲ.

ರ‍್ಯಾಮ್ 8 ಜಿಬಿ ಇದ್ದರೆ ಕೆಲಸ ನಡೆಯುತ್ತದೆ, 16 ಇದ್ದರೆ ನಾಲ್ಕು ವರ್ಷದ ಕೋರ್ಸು ನೆಮ್ಮದಿಯಾಗಿ ಮುಗಿಯುತ್ತದೆ. ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ಹಳೆಯ ಯಂತ್ರಕ್ಕೆ ಇದಕ್ಕಿಂತ ದೊಡ್ಡ ಚಿಕಿತ್ಸೆ ಇಲ್ಲ. ಬ್ಯಾಟರಿ ವಿಷಯದಲ್ಲಿ "ಬ್ಯಾಟರಿ ರಿಪೋರ್ಟ್ ತೋರಿಸು" ಎಂದು ಕೇಳಿ. ವಿಂಡೋಸ್‌ನಲ್ಲೇ ಅದನ್ನು ತೆಗೆಯುವ ಆಜ್ಞೆಯಿದೆ, ಅಂಗಡಿಯವನಿಗೆ ಗೊತ್ತಿರುತ್ತದೆ. ಹುಟ್ಟುವಾಗ ಎಷ್ಟು ತುಂಬುತ್ತಿತ್ತು, ಈಗ ಎಷ್ಟು ತುಂಬುತ್ತದೆ ಎಂಬ ಎರಡು ಸಂಖ್ಯೆ ಅದರಲ್ಲಿರುತ್ತವೆ. 50,000 ಇದ್ದದ್ದು 20,000ಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿಯ ಖರ್ಚನ್ನೂ ಸೇರಿಸಿಯೇ ಚೌಕಾಶಿ ಮಾಡಿ. ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಅಡಿಭಾಗ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಅಂಥದನ್ನು ಮುಟ್ಟಲೂ ಬೇಡಿ, ವಿಮಾನಕ್ಕಂತೂ ಒಯ್ಯಲೇಬಾರದು.

ಜರ್ಮನ್ ಅಥವಾ ಫ್ರೆಂಚ್ ಕೀಬೋರ್ಡಿನ ಮಾಲು ಸ್ವಲ್ಪ ಅಗ್ಗಕ್ಕೆ ಸಿಗುವುದುಂಟು. ವೈ ಇರಬೇಕಾದಲ್ಲಿ ಜೆಡ್ ಇರುತ್ತದೆ, ಕ್ಯೂ ಇರಬೇಕಾದಲ್ಲಿ ಎ. ಕೀಬೋರ್ಡ್ ನೋಡದೆ ಟೈಪ್ ಮಾಡುವವರಿಗೆ ಅಡ್ಡಿಯಿಲ್ಲ. ಹೊಸದಾಗಿ ಕಲಿಯುವ ಮಗುವಿಗೆ ಮಾತ್ರ ಆ ಉಳಿತಾಯ ಬೇಡ.

ಬಿಟ್ಟು ಹೋಗದ ಯಜಮಾನ

ನಮ್ಮ ಪರಿಚಯದ ಒಬ್ಬರು, ಕುಂದಾಪುರದ ಕಡೆಯವರು, ಶಾರ್ಜಾದಲ್ಲಿ ಸ್ಟೋರ್ ಕೀಪರ್. ಡಿಪ್ಲೊಮಾ ಓದುವ ಅಕ್ಕನ ಮಗಳಿಗೆಂದು ಒಂದು ಒಳ್ಳೆಯ ಲ್ಯಾಪ್‌ಟಾಪ್ ಒಯ್ದರು. ನಾಲ್ಕು ತಿಂಗಳು ಚೆನ್ನಾಗಿಯೇ ನಡೆಯಿತು. ಏನೋ ನಿಧಾನವಾಯಿತೆಂದು ಹುಡುಗಿ ಗೆಳತಿಯರ ಸಲಹೆಯಂತೆ ರೀಸೆಟ್ ಕೊಟ್ಟಳು. ಯಂತ್ರ ಮತ್ತೆ ಎದ್ದು ವೈ-ಫೈ ಸಿಕ್ಕಿದ್ದೇ ತಡ, ಪರದೆಯ ಮೇಲೆ ಯಾವುದೋ ದೂರದ ದೇಶದ ಕಂಪನಿಯ ಹೆಸರು, ಲಾಂಛನ, "ಕಚೇರಿಯ ಇಮೇಲ್ ಹಾಕಿ" ಎಂಬ ಬೇಡಿಕೆ. ಅದನ್ನು ದಾಟಿ ಮುಂದೆ ಹೋಗಲು ದಾರಿಯೇ ಇಲ್ಲ. ಪ್ರಾಜೆಕ್ಟ್ ವರದಿ ಕೊಡಬೇಕಾದ ವಾರ ಅದು. ಹುಡುಗಿ ಪೇಟೆಯ ಸೈಬರ್ ಅಂಗಡಿಯಲ್ಲಿ ಗಂಟೆಗಿಷ್ಟೆಂದು ಕೊಟ್ಟು ವರದಿ ಮುಗಿಸಿದಳು. ಇಲ್ಲಿ ಮಾವ ಅಂಗಡಿಗೆ ಹೋದರೆ ಬಿಲ್ಲಿನ ವಾರಂಟಿ 30 ದಿನ, ಅದು ಮುಗಿದು ಕಾಲವಾಗಿತ್ತು. ಆ ಕಂಪನಿಗೆ ಬರೆದ ಇಮೇಲಿಗೆ ಉತ್ತರ ಬರಲಿಲ್ಲ.

ಇಲ್ಲಿ ನಡೆದದ್ದೇನು? ದೊಡ್ಡ ಕಂಪನಿಗಳು ತಮ್ಮ ಲ್ಯಾಪ್‌ಟಾಪುಗಳ ಗುರುತನ್ನು ಮೈಕ್ರೋಸಾಫ್ಟ್‌ನಲ್ಲಿ ನೋಂದಾಯಿಸಿಟ್ಟಿರುತ್ತವೆ. ಆಟೋಪೈಲಟ್ ಎಂದು ಅದರ ಹೆಸರು. ಹೊಸದಾಗಿ ಸೆಟ್ ಮಾಡುವಾಗ ಇಂಟರ್ನೆಟ್ ಸಿಕ್ಕಿದೊಡನೆ ಯಂತ್ರ "ನಾನು ಯಾರವನು?" ಎಂದು ಕೇಳುತ್ತದೆ, ಅಲ್ಲಿಂದ ಕಂಪನಿಯ ಹೆಸರು ಬರುತ್ತದೆ. ಯಂತ್ರ ಮಾರುವಾಗ ಆ ಹೆಸರನ್ನು ಪಟ್ಟಿಯಿಂದ ತೆಗೆಯಬೇಕು. ಎಷ್ಟೋ ಕಡೆ ತೆಗೆಯುವುದಿಲ್ಲ. ಅಂಗಡಿಯವರು ಇಂಟರ್ನೆಟ್ ಇಲ್ಲದೆ ವಿಂಡೋಸ್ ಹಾಕಿ ಕೊಡುವುದರಿಂದ ಕೊಳ್ಳುವಾಗ ಏನೂ ಗೊತ್ತಾಗುವುದಿಲ್ಲ. ಈ ಗುರುತು ಯಂತ್ರದ ಮದರ್‌ಬೋರ್ಡಿಗೆ ಅಂಟಿದ್ದು, ಡಿಸ್ಕ್ ಬದಲಾಯಿಸಿದರೆ ಹೋಗುವಂಥದಲ್ಲ. ಆ ಹಳೆಯ ಕಂಪನಿಯವರೇ ಬಿಡುಗಡೆ ಮಾಡಬೇಕು.

ಆದ್ದರಿಂದ ಅಂಗಡಿಯ ಕೌಂಟರಿನಲ್ಲಿ ನಿಂತೇ ಒಂದು ಪರೀಕ್ಷೆ ಮಾಡಿಸಿ. ದುಡ್ಡು ಕೊಡುವ ಮೊದಲು ಪೂರ್ತಿ ರೀಸೆಟ್ ಮಾಡಲು ಹೇಳಿ, ಆಮೇಲೆ ನಿಮ್ಮ ಮೊಬೈಲಿನ ಹಾಟ್‌ಸ್ಪಾಟ್ ಕೊಡಿ. ಅರ್ಧ ಮುಕ್ಕಾಲು ಗಂಟೆ ಹಿಡಿಯುತ್ತದೆ. ಪಕ್ಕದ ಕೆಫೆಟೇರಿಯಾದಲ್ಲಿ ಒಂದು ಕಡಕ್ ಚಾಯ್ ಕುಡಿದು ಬನ್ನಿ. "ಮನೆಯ ಬಳಕೆಗೋ, ಕಚೇರಿಗೋ?" ಎಂದು ಯಂತ್ರ ಕೇಳಿದರೆ ಅದು ಸ್ವತಂತ್ರ. ಯಾವುದಾದರೂ ಕಂಪನಿಯ ಹೆಸರು ಹೇಳಿ ಸ್ವಾಗತಿಸಿದರೆ ನಮಸ್ಕಾರ ಹೇಳಿ ಹೊರಡಿ. ರೀಸೆಟ್ ಮಾಡಲು ಅಂಗಡಿಯವನು ಒಪ್ಪದಿದ್ದರೂ ಹೊರಡಿ.

ಇನ್ನೊಂದು ಕೀಲಿ ಬಯಾಸ್‌ನಲ್ಲಿರುತ್ತದೆ. ಯಂತ್ರ ಏಳುವಾಗ ಥಿಂಕ್‌ಪ್ಯಾಡಿನಲ್ಲಿ ಎಫ್1, ಡೆಲ್‌ನಲ್ಲಿ ಎಫ್2, ಎಚ್‌ಪಿಯಲ್ಲಿ ಎಫ್10 ಒತ್ತಿ ಒಳಗೆ ಹೋಗಿ ನೋಡಿ. ಪಾಸ್‌ವರ್ಡ್ ಕೇಳಿದರೆ ಬೇಡ. ಥಿಂಕ್‌ಪ್ಯಾಡಿನ ಸೂಪರ್‌ವೈಸರ್ ಪಾಸ್‌ವರ್ಡ್ ಕಳೆದುಹೋದರೆ ಮದರ್‌ಬೋರ್ಡ್ ಬದಲಾಯಿಸುವುದೇ ಕಂಪನಿ ಹೇಳುವ ದಾರಿ. ಪಾಸ್‌ವರ್ಡ್ ಇಲ್ಲದಿದ್ದರೆ ಭದ್ರತೆಯ ಪುಟದಲ್ಲಿ ಅಬ್ಸೊಲ್ಯೂಟ್ ಅಥವಾ ಕಂಪ್ಯೂಟ್ರೇಸ್ ಎಂಬ ಸಾಲು ಹುಡುಕಿ. ಕಳವಾದ ಯಂತ್ರವನ್ನು ದೂರದಿಂದ ಹುಡುಕುವ, ಮುಚ್ಚುವ ವ್ಯವಸ್ಥೆ ಅದು. "ಆಕ್ಟಿವೇಟೆಡ್" ಎಂದಿದ್ದರೆ ಯಾರೋ ಇನ್ನೂ ಅದರ ದಾರಿ ಕಾಯುತ್ತಿದ್ದಾರೆ ಎಂದರ್ಥ. ಮ್ಯಾಕ್‌ಬುಕ್ ಕೊಳ್ಳುವವರಿಗೂ ಇದೇ ಎಚ್ಚರಿಕೆ. 2018ರಿಂದೀಚಿನ ಬಹುತೇಕ ಮ್ಯಾಕ್‌ಬುಕ್‌ಗಳಿಗೆ ಐಫೋನಿನ ಹಾಗೆಯೇ ಆಕ್ಟಿವೇಷನ್ ಲಾಕ್ ಇದೆ. ಮಾರುವವನು ಎದುರಿಗೇ ತನ್ನ ಆಪಲ್ ಖಾತೆಯಿಂದ ಅದನ್ನು ಬಿಡಿಸಿಕೊಡಬೇಕು. "ಆಮೇಲೆ ಮಾಡ್ತೇನೆ" ಎಂದರೆ ಆಗದು.

ಮರಳು ಒಂದು ಕಡೆ, ಮಳೆ ಇನ್ನೊಂದು ಕಡೆ

ಇಲ್ಲಿ ದುಡಿದ ಯಂತ್ರದೊಳಗಿನ ಧೂಳು ಊರಿನ ಧೂಳಿನಂತಲ್ಲ. ಮರುಭೂಮಿಯ ಮರಳು ಹಿಟ್ಟಿನಷ್ಟು ನುಣ್ಣಗೆ. ಎಸಿ ಕೋಣೆಯ ಕಾರ್ಪೆಟ್ಟಿನ ನೂಲು ಅದಕ್ಕೆ ಸೇರಿ ಫ್ಯಾನಿನ ಹಿಂದೆ, ತಾಮ್ರದ ರೆಕ್ಕೆಗಳ ಬಾಯಿಗೆ ಒಂದು ಕಂಬಳಿಯ ತುಂಡೇ ನೇಯ್ದುಕೊಂಡಿರುತ್ತದೆ. ಬಿಸಿಗಾಳಿ ಹೊರಗೆ ಹೋಗದೆ ಪ್ರೊಸೆಸರ್ ಕಾಯುತ್ತದೆ. ಕಾದರೆ ತನ್ನನ್ನು ಉಳಿಸಿಕೊಳ್ಳಲು ವೇಗ ಕಡಿಮೆ ಮಾಡುತ್ತದೆ. "ಲ್ಯಾಪ್‌ಟಾಪ್ ಸ್ಲೋ" ಎಂದು ನಾವು ಬೈಯುವ ಎಷ್ಟೋ ಯಂತ್ರಗಳ ರೋಗ ಇಷ್ಟೇ.

ಬಿಚ್ಚುವುದು ಭಯಪಡುವಂಥ ಕೆಲಸವೇನಲ್ಲ. ಆಫೀಸ್ ಮಾದರಿಗಳಲ್ಲಿ ಅಡಿಯ ಎಂಟು ಹತ್ತು ತಿರುಪು ಬಿಚ್ಚಿದರೆ ಮುಚ್ಚಳ ಬರುತ್ತದೆ. ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ಸಾಕು. ಅಂಚಿನ ಕೊಂಡಿ ಬಿಡಿಸಲು ಲೋಹದ ಚಾಕು ಬೇಡ, ಹಳೆಯ ಮೆಟ್ರೋ ಕಾರ್ಡೋ ಬ್ಯಾಂಕ್ ಕಾರ್ಡೋ ಇದ್ದರೆ ಒಳ್ಳೆಯದು. ಚಾರ್ಜರ್ ತೆಗೆದು, ಯಂತ್ರ ಪೂರ್ತಿ ಆಫ್ ಮಾಡಿರಬೇಕು. ಥಿಂಕ್‌ಪ್ಯಾಡಿನಲ್ಲಿ ಒಳಗಿನ ಬ್ಯಾಟರಿಯನ್ನು ಬಯಾಸ್‌ನಿಂದಲೇ ಮಲಗಿಸುವ ಸೌಲಭ್ಯವಿದೆ. ಬೇರೆಯವುಗಳಲ್ಲಿ ಮುಚ್ಚಳ ತೆಗೆದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಆಮೇಲೆ ಮೆತ್ತಗಿನ ಪೇಂಟ್ ಬ್ರಶ್, ಗಾಳಿಯ ಡಬ್ಬಿ. ಗಾಳಿ ಹೊಡೆಯುವಾಗ ಫ್ಯಾನಿನ ರೆಕ್ಕೆಗೆ ಬೆರಳೋ ಹಲ್ಲುಕಡ್ಡಿಯೋ ಒತ್ತಿ ಹಿಡಿಯಲೇಬೇಕು. ಬಿಟ್ಟರೆ ಅದು ಬುಗುರಿಯಂತೆ ತಿರುಗಿ ಬೇರಿಂಗ್ ಹಾಳಾಗುತ್ತದೆ. ರೆಕ್ಕೆಯ ಬಾಯಿಗೆ ಕಟ್ಟಿದ ನೂಲನ್ನು ಚಿಮಟದಿಂದ ಎಳೆದು ತೆಗೆಯಿರಿ. ಬಾಯಿಂದ ಊದಬೇಡಿ, ಉಸಿರಿನ ತೇವ ಒಳಗೆ ಹೋಗುತ್ತದೆ.

ಐದಾರು ವರ್ಷದ ಯಂತ್ರವಾದರೆ ಪ್ರೊಸೆಸರ್ ಮತ್ತು ತಾಮ್ರದ ನಡುವಿನ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿರುತ್ತದೆ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಹೊಸದನ್ನು ಅವರೆಕಾಳಿನಷ್ಟಲ್ಲ, ಅಕ್ಕಿಕಾಳಿನಷ್ಟು ಹಾಕಿದರೆ ಸಾಕು. ಆಲ್ಕೋಹಾಲು ಶೇ 90ಕ್ಕಿಂತ ಮೇಲಿನದಾದರೆ ಬೇಗ ಆರುತ್ತದೆ, ನೀರು ಉಳಿಯುವುದಿಲ್ಲ. ಕೈಗೆ ಸಿಕ್ಕಿತೆಂದು ಅತ್ತರೋ ಡಿಯೋಡರೆಂಟೋ ಸುರಿದವರನ್ನೂ ಕೇಳಿದ್ದೇನೆ. ಪರದೆಗೆ ಮಾತ್ರ ಆಲ್ಕೋಹಾಲೂ ಬೇಡ, ಗಾಜು ಒರೆಸುವ ನೀಲಿ ನೀರೂ ಬೇಡ. ಮೈಕ್ರೋಫೈಬರ್ ಬಟ್ಟೆಗೆ ಡಿಸ್ಟಿಲ್ಡ್ ವಾಟರ್ ಸ್ವಲ್ಪ ತಾಗಿಸಿ, ಒತ್ತದೆ ಒರೆಸಿ.

ಇನ್ನು ಊರು ಮುಟ್ಟಿದ ಮೇಲೆ ಶತ್ರು ಬದಲಾಗುತ್ತಾನೆ. ಕರಾವಳಿ, ಮಲೆನಾಡಿನ ಜೂನ್ ಜುಲೈಯಲ್ಲಿ ಬೀರುವಿನೊಳಗಿನ ಚಪ್ಪಲಿಗೇ ಬೂಸು ಬರುವಾಗ ಲ್ಯಾಪ್‌ಟಾಪ್ ಬಿಟ್ಟೀತೇ? ದಿನಾ ಒಂದು ಗಂಟೆ ಓಡಿಸಿದರೆ ಅದರದೇ ಬಿಸಿ ಅದನ್ನು ಒಣಗಿಸಿಡುತ್ತದೆ. ತಿಂಗಳುಗಟ್ಟಲೆ ಮುಚ್ಚಿಟ್ಟರೆ ಕೆಡುವುದು. ಇಡಲೇಬೇಕಾದರೆ ಮುಚ್ಚಳ ಗಟ್ಟಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಲಿ. ಕೀಬೋರ್ಡ್ ಮೇಲೆ ಚಕ್ಕುಲಿ ಪುಡಿ ಬಿದ್ದರೆ ಇರುವೆ ಒಳಗೇ ಮನೆ ಮಾಡುತ್ತದೆ ಎಂಬುದನ್ನು ಮಕ್ಕಳಿಗೆ ಹೇಳಿಡಿ.

ಅಂಗಡಿಯವರ ವಿಂಡೋಸ್ ಬೇಡ

ಅಂಗಡಿಯಲ್ಲಿ ಹಾಕಿಕೊಟ್ಟ ವಿಂಡೋಸಿನ ಮೇಲೆಯೇ ಕೆಲಸ ಶುರು ಮಾಡುವುದು ಬಹಳ ಜನರ ರೂಢಿ. ಅದರಲ್ಲಿ ಏನೇನು ಬೆರೆಸಿದ್ದಾರೆ, ಆಫೀಸ್ ಸಾಫ್ಟ್‌ವೇರ್ ಎಲ್ಲಿಂದ ಕದ್ದದ್ದು ಎಂಬುದು ದೇವರಿಗೇ ಗೊತ್ತು. ಆ ಯಂತ್ರದಲ್ಲೇ ನಾಳೆ ಅಪ್ಪ ಎನ್‌ಆರ್‌ಇ ಖಾತೆ ತೆರೆದು ನೋಡುತ್ತಾರೆ. 8 ಜಿಬಿಯ ಒಂದು ಪೆನ್‌ಡ್ರೈವ್, ಮೈಕ್ರೋಸಾಫ್ಟ್ ತಾಣದಿಂದ ಉಚಿತವಾಗಿ ಸಿಗುವ ಮೀಡಿಯಾ ಕ್ರಿಯೇಷನ್ ಟೂಲ್, ಒಂದು ಶುಕ್ರವಾರದ ಸಂಜೆ ಇದ್ದರೆ ಹೊಸದಾಗಿ ಹಾಕಿಕೊಳ್ಳಬಹುದು. ಇನ್‌ಸ್ಟಾಲ್ ಮಾಡುವಾಗ ಡಿಸ್ಕಿನ ಹಳೆಯ ಭಾಗಗಳನ್ನೆಲ್ಲ ಅಳಿಸಿ, ಇಡೀ ಡಿಸ್ಕ್ ಖಾಲಿ ಜಾಗ ಎಂದು ಕಂಡ ಮೇಲೆ ಮುಂದೆ ಹೋಗಿ. ಆಫೀಸ್ ಮಾದರಿಗಳಲ್ಲಿ ವಿಂಡೋಸ್ ಲೈಸೆನ್ಸ್ ಯಂತ್ರದ ಒಳಗೇ ಬರೆದಿರುವುದರಿಂದ ಇಂಟರ್ನೆಟ್ ಸಿಕ್ಕಿದಾಗ ಸಾಮಾನ್ಯವಾಗಿ ತಾನಾಗಿ ಆಕ್ಟಿವೇಟ್ ಆಗುತ್ತದೆ. ಆಂಟಿವೈರಸ್ ಬೇರೆ ಕೊಳ್ಳಬೇಕಾಗಿಲ್ಲ, ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್ ಸಾಕು.

ಅಪ್‌ಡೇಟ್‌ಗಳನ್ನೂ, ಬಯಾಸ್ ಅಪ್‌ಡೇಟನ್ನೂ ಇಲ್ಲಿಯೇ ಮುಗಿಸಿ. ಇಲ್ಲಿ ಕರೆಂಟು ಹೋಗುವುದಿಲ್ಲ. ಬಯಾಸ್ ಬರೆಯುತ್ತಿರುವಾಗ ಮಧ್ಯೆ ಯಂತ್ರ ಆಫ್ ಆದರೆ ಅದು ಮತ್ತೆ ಏಳದೇ ಇರಬಹುದು. ಮಳೆಗಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಕರೆಂಟಿನ ಕಥೆ ಹೇಳುವುದೇ ಬೇಡ.

ಹಳೆಯ ಡಿಸ್ಕಿನಲ್ಲಿ ಬೇರೆಯವರ ಫೋಟೋ, ಕಾಗದಪತ್ರ ಕಣ್ಣಿಗೆ ಬಿದ್ದರೆ ತೆರೆದು ನೋಡಬೇಡಿ. ಇನ್ನೊಬ್ಬರ ಖಾಸಗಿ ವಿಷಯಕ್ಕೆ ಕೈ ಹಾಕುವುದು, ಹಂಚುವುದು ಇಲ್ಲಿನ ಸೈಬರ್ ಕಾನೂನಿನಲ್ಲಿ ದೊಡ್ಡ ಅಪರಾಧ. ಕಾನೂನು ಇಲ್ಲದಿದ್ದರೂ ಅದು ಸಲ್ಲದು.

ಅದೇ ಮಾತನ್ನು ತಿರುಗಿಸಿ ನೋಡಿ. ಕ್ಯಾನ್ಸಲ್ ಆಗಿ ಊರಿಗೆ ಹೊರಟ ವಾರದಲ್ಲಿ ನಾವು ಸೋಫಾ, ಫ್ರಿಜ್, ವಾಷಿಂಗ್ ಮಷಿನ್ ಜೊತೆ ನಮ್ಮ ಲ್ಯಾಪ್‌ಟಾಪನ್ನೂ ಸಿಕ್ಕಿದ ಬೆಲೆಗೆ ಕೊಟ್ಟು ಹೋಗುತ್ತೇವೆ. ಅದರಲ್ಲಿ ಏನೇನಿದೆ? ಮನೆಮಂದಿಯೆಲ್ಲರ ಪಾಸ್‌ಪೋರ್ಟ್ ಸ್ಕ್ಯಾನ್, ವೀಸಾ ಪುಟ, ಎಮಿರೇಟ್ಸ್ ಐಡಿ, ಆಧಾರ್, ಪ್ಯಾನ್, ಸಂಬಳದ ಪತ್ರ, ಊರಿನ ಜಾಗದ ಪಹಣಿ, ಬ್ರೌಸರಿನಲ್ಲಿ ಉಳಿಸಿಟ್ಟ ಬ್ಯಾಂಕ್ ಪಾಸ್‌ವರ್ಡ್. ಒಬ್ಬನ ಹೆಸರಿನಲ್ಲಿ ಸಿಮ್ಮೋ ಸಾಲವೋ ಎತ್ತಲು ಇನ್ನೇನು ಬೇಕು? "ಡಿಲೀಟ್ ಮಾಡಿದ್ದೇನೆ, ರೀಸೈಕಲ್ ಬಿನ್ನೂ ಖಾಲಿ ಮಾಡಿದ್ದೇನೆ" ಎನ್ನುತ್ತಾರೆ. ಡಿಲೀಟ್ ಎಂದರೆ ಪುಸ್ತಕದ ಪರಿವಿಡಿ ಹರಿದು ಹಾಕಿದಂತೆ. ಅಧ್ಯಾಯಗಳು ಒಳಗೆ ಹಾಗೇ ಇರುತ್ತವೆ. ಕ್ವಿಕ್ ಫಾರ್ಮ್ಯಾಟ್ ಕೂಡ ಅಷ್ಟೇ. ಫೋಟೋರೆಕ್‌ನಂಥ ಉಚಿತ ಸಾಫ್ಟ್‌ವೇರಿನಿಂದ ಒಬ್ಬ ಕಾಲೇಜು ಹುಡುಗ ಅವನ್ನೆಲ್ಲ ಎತ್ತಬಲ್ಲ.

ತಿರುಗುವ ಹಾರ್ಡ್‌ಡಿಸ್ಕ್ ಆದರೆ ರೀಸೆಟ್ ಮಾಡುವಾಗ "ರಿಮೂವ್ ಎವೆರಿಥಿಂಗ್" ಆರಿಸಿ, ಸೆಟ್ಟಿಂಗ್ ಬದಲಿಸುವಲ್ಲಿ "ಕ್ಲೀನ್ ಡೇಟಾ" ಆನ್ ಮಾಡಿ. ಗಂಟೆಗಟ್ಟಲೆ ಹಿಡಿದರೂ ಡಿಸ್ಕಿನ ತುಂಬ ಹೊಸದಾಗಿ ಬರೆದು ಹಳೆಯದನ್ನು ಮುಚ್ಚುತ್ತದೆ. ಎಸ್‌ಎಸ್‌ಡಿಯ ಸ್ವಭಾವ ಬೇರೆ. ಒಂದೇ ಜಾಗ ಸವೆಯಬಾರದೆಂದು ಅದು ಬರೆಯುವ ಜಾಗವನ್ನು ತಾನೇ ಬದಲಾಯಿಸುತ್ತಿರುವುದರಿಂದ ಮೇಲೆ ಮೇಲೆ ಬರೆದರೂ ಮೂಲೆಯಲ್ಲಿ ಏನಾದರೂ ಉಳಿಯಬಹುದು. ಅದಕ್ಕೆ ಡ್ರೈವಿನೊಳಗೇ ಇರುವ ಸೆಕ್ಯೂರ್ ಇರೇಸ್ ಆಜ್ಞೆ ಬೇಕು. ಎಲೈಟ್‌ಬುಕ್‌ನ ಬಯಾಸ್‌ನಲ್ಲಿ ಇದೇ ಹೆಸರಿನಲ್ಲೂ, ಲ್ಯಾಟಿಟ್ಯೂಡ್‌ನಲ್ಲಿ ಡೇಟಾ ವೈಪ್ ಎಂಬ ಹೆಸರಿನಲ್ಲೂ ಅದು ಸಿಗುತ್ತದೆ. ಇಷ್ಟೆಲ್ಲ ಯಾರು ಮಾಡುತ್ತಾರೆ ಎನ್ನುವವರಿಗೆ ಸುಲಭದ ದಾರಿ: ಡಿಸ್ಕ್ ಬಿಚ್ಚಿ ನಿಮ್ಮಲ್ಲೇ ಇಟ್ಟುಕೊಂಡು ಲ್ಯಾಪ್‌ಟಾಪ್ ಮಾರಿ. ಒಂದು ಸಣ್ಣ ಕವಚ ಕೊಂಡು ಅದರೊಳಗೆ ಹಾಕಿದರೆ ಅದೇ ನಿಮ್ಮ ಬ್ಯಾಕಪ್ ಆಗುತ್ತದೆ. ಕೊಳ್ಳುವವನು ಐವತ್ತೋ ಅರವತ್ತೋ ದಿರ್ಹಮ್ ಕಡಿಮೆ ಕೊಟ್ಟರೆ ಕೊಡಲಿ ಬಿಡಿ.

ಯಾರ ಹೆಸರಿನಲ್ಲಿ ಸೆಟ್ ಮಾಡುವುದು

ಮಾವ ಇಲ್ಲಿ ಕುಳಿತು ಸೆಟ್ ಮಾಡುವಾಗ ಕೈಗೆ ಸುಲಭವಾಗಿ ಸಿಗುವುದು ಮಾವನ ಇಮೇಲ್. ಅದನ್ನು ಹಾಕಬೇಡಿ. ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದರೆ ಹಲವು ಯಂತ್ರಗಳಲ್ಲಿ ಡಿಸ್ಕಿಗೆ ಎನ್‌ಕ್ರಿಪ್ಷನ್ ತಾನಾಗಿ ಆನ್ ಆಗುತ್ತದೆ. ಕಳ್ಳರ ಕೈಗೆ ಸಿಕ್ಕರೂ ಓದಲಾಗದು, ಅದು ಒಳ್ಳೆಯದೇ. ಆದರೆ ಮುಂದೊಂದು ದಿನ ಅಪ್‌ಡೇಟೋ ರಿಪೇರಿಯೋ ಆದಾಗ ಯಂತ್ರ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಕೀ ಇರುವುದು ಸೆಟ್ ಮಾಡಿದವರ ಖಾತೆಯಲ್ಲಿ. ಮಾವ ಡ್ಯೂಟಿಯಲ್ಲಿ, ಸೊಸೆ ಪರೀಕ್ಷೆಯ ಹಿಂದಿನ ರಾತ್ರಿ ನೀಲಿ ಪರದೆಯ ಮುಂದೆ. ಹೊಸ ರೂಪದಲ್ಲಿ ಮತ್ತೆ ಹಳೆಯ ಯಜಮಾನನ ಕಥೆಯೇ! ಓದುವವಳ ಹೆಸರಿನಲ್ಲೇ, ಅವಳ ಫೋನಿಗೆ ಓಟಿಪಿ ಹೋಗುವಂತೆ ಖಾತೆ ಮಾಡಿ. ರಿಕವರಿ ಕೀಯನ್ನು ಕಾಗದದಲ್ಲಿ ಬರೆದು ಮನೆಯ ರೇಷನ್ ಕಾರ್ಡು ಇಡುವಲ್ಲಿ ಇಡಿಸಿ.

ಕನ್ನಡ ಹಾಕದೆ ಕೊಟ್ಟರೆ ಸೆಟ್ ಮಾಡಿದ್ದು ಅರ್ಧ. ಸೆಟ್ಟಿಂಗ್ಸ್‌ನ ಭಾಷೆಯ ಪುಟಕ್ಕೆ ಹೋಗಿ ಕನ್ನಡ ಸೇರಿಸಿದರೆ ಕೀಬೋರ್ಡ್ ಬರುತ್ತದೆ. ವಿಂಡೋಸ್ ಕೀ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಾಗುತ್ತದೆ. ಮೊದಲಿನಿಂದಲೂ ಇದ್ದದ್ದು ಇನ್‌ಸ್ಕ್ರಿಪ್ಟ್. 2019ರ ಅಪ್‌ಡೇಟಿನಿಂದ ಇಂಗ್ಲಿಷ್ ಅಕ್ಷರದ ಉಚ್ಚಾರಣೆಯಂತೆ ಬರೆಯುವ ಫೊನೆಟಿಕ್ ಕೂಡ ಸೇರಿದೆ. ಊರಿನಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋದವರಿಗೆ, ಸರ್ಕಾರಿ ಕೆಲಸದ ಪರೀಕ್ಷೆಗೆ ತಯಾರಾಗುವವರಿಗೆ ನುಡಿಯೇ ರೂಢಿ. ಅದರ ಕೀಲಿಮಣೆಗೆ ಮೂಲ ನಮ್ಮ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸ ಎಂಬುದು ಮಂಗಳೂರಿನವರಾದ ನಮಗೆ ಸಣ್ಣ ಹೆಮ್ಮೆ. ನುಡಿ ಹಾಕುವುದಾದರೆ ಯೂನಿಕೋಡ್ ಇರುವ ಈಚಿನ ಆವೃತ್ತಿಯನ್ನೇ ಹಾಕಿ. ಹಳೆಯ ಫಾಂಟಿನಲ್ಲಿ ಬರೆದದ್ದು ಬೇರೆ ಯಂತ್ರದಲ್ಲಿ ತೆರೆದರೆ ಹೇಗಿರುತ್ತದೆಂದು ಇಂಥ ಸಂಚಿಕೆಗಳ ಸಂಪಾದಕರನ್ನು ಕೇಳಿ, ಅವರು ಅರ್ಧ ಗಂಟೆ ಮಾತಾಡುತ್ತಾರೆ. ಕೀಲಿಗಳ ಮೇಲೆ ಅರಬ್ಬಿ ಅಕ್ಷರವಿದ್ದರೆ ಇರಲಿ, ಕೆಡುಕಿಲ್ಲ. ಮಕ್ಕಳಿಗೆ ಅದೊಂದು ಕುತೂಹಲ.

ಈಗಾಗಲೇ ಆರನೆಯದೋ ಏಳನೆಯದೋ ತಲೆಮಾರಿನ ಯಂತ್ರ ಕೈಯಲ್ಲಿದ್ದರೆ ಎಸೆಯಬೇಕಾಗಿಲ್ಲ. ಲಿನಕ್ಸ್ ಮಿಂಟ್ ಹಾಕಿದರೆ ಉಚಿತವಾಗಿ, ಅಪ್‌ಡೇಟ್ ಸಮೇತ ಇನ್ನೂ ಕೆಲವು ವರ್ಷ ನಡೆಯುತ್ತದೆ. ಪಾಠದ ವಿಡಿಯೋ, ಪ್ರೋಗ್ರಾಮಿಂಗ್, ಪತ್ರ ಬರೆಯುವುದು ಎಲ್ಲಕ್ಕೂ ಚೆನ್ನ. ಟ್ಯಾಲಿ ಕಲಿಯುವ ಬಿಕಾಂನವರಿಗೆ, ಆಟೋಕ್ಯಾಡ್ ಬೇಕಾದ ಸಿವಿಲ್‌ನವರಿಗೆ ಮಾತ್ರ ವಿಂಡೋಸೇ ಬೇಕು. ಕೋರ್ಸ್ ಯಾವುದೆಂದು ಕೇಳಿಕೊಂಡು ತೀರ್ಮಾನಿಸಿ.

ಹೊರಡುವ ದಿನ ಲ್ಯಾಪ್‌ಟಾಪ್ ಕೈಚೀಲದಲ್ಲಿರಲಿ, ಹೆಚ್ಚುವರಿ ಬ್ಯಾಟರಿ ಇದ್ದರೆ ಅದಂತೂ ಲಗೇಜಿಗೆ ಹಾಕಲೇಬಾರದು. 18 ವರ್ಷ ತುಂಬಿದ ಪ್ರಯಾಣಿಕ ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ಭಾರತಕ್ಕೆ ಒಯ್ಯಬಹುದು. ನಾಲ್ಕು ಜನ ಗೆಳೆಯರದ್ದನ್ನು ಒಬ್ಬನೇ ಹೊತ್ತರೆ ಮಂಗಳೂರು ಏರ್‌ಪೋರ್ಟಿನಲ್ಲಿ ಮಾತು ಬೆಳೆಯುತ್ತದೆ. ಬಿಲ್ಲು ಜೊತೆಗಿರಲಿ. ಚಾರ್ಜರ್ 100ರಿಂದ 240 ವೋಲ್ಟಿನವರೆಗೆ ನಡೆಯುವಂಥದ್ದು, ಅದನ್ನು ಬದಲಾಯಿಸಬೇಕಾಗಿಲ್ಲ. ಇಲ್ಲಿನ ಚೌಕ ಪಿನ್ನಿನ ವಯರು ಮಾತ್ರ ಊರಿನ ಪ್ಲಗ್ಗಿಗೆ ಕೂರುವುದಿಲ್ಲ. ಕನ್ವರ್ಟರ್ ಸಿಕ್ಕಿಸಿ ಜೋತಾಡಿಸುವ ಬದಲು ಚಾರ್ಜರಿಗೆ ಹೋಗುವ ಆ ಒಂದು ವಯರನ್ನೇ ಊರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ದುಂಡು ಪಿನ್ನಿನದ್ದು ಕೊಂಡರಾಯಿತು. ಮೂರು ಪಿನ್ನಿನದ್ದೇ ಆಗಬೇಕು, ಅರ್ತ್ ಇಲ್ಲದ ಪ್ಲಗ್ಗಿಗೆ ಹಾಕಿದರೆ ಲೋಹದ ಮೈ ಮುಟ್ಟಿದಾಗ ಜುಮ್ಮೆನ್ನುವುದುಂಟು. ಏಪ್ರಿಲ್ ಮೇ ತಿಂಗಳ ಸಂಜೆ ಗುಡುಗು ಶುರುವಾದ ಕೂಡಲೇ ಚಾರ್ಜರನ್ನು ಗೋಡೆಯಿಂದ ಕೀಳಬೇಕು, ಸ್ವಿಚ್ ಆಫ್ ಮಾಡಿದರೆ ಸಾಲದು. ಬ್ಯಾಟರಿಯಲ್ಲಿ ಎರಡು ಗಂಟೆ ಓದಬಹುದು, ಮಳೆ ಅಷ್ಟರೊಳಗೆ ನಿಂತಿರುತ್ತದೆ.